ಸರ್ ಆಲ್ಬರ್ಟ್ ಹೋವರ್ಡ್: ಹೊಲದ ಪ್ರಶ್ನೆಯಿಂದ ನಗರದ ಗೊಬ್ಬರದವರೆಗೆ

ಕಾಂಪೋಸ್ಟ್ ಗುಂಡಿಯ ಕುರಿತು ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎರಡು ಹೆಸರುಗಳು ಕಾಣಸಿಗುತ್ತವೆ. ಒಂದು ಇಂದೋರ್ ವಿಧಾನ, ಇನ್ನೊಂದು ಬೆಂಗಳೂರು ವಿಧಾನ. ಊರುಗಳ ಹೆಸರು ಉಳಿದಿದೆಯಾದರೂ ಅವುಗಳ ಹಿಂದೆ ದುಡಿದ ವಿಜ್ಞಾನಿಗಳ ಪರಿಚಯ ನಮ್ಮ ರೈತ ಬಾಂಧವರಿಗೆ ಅಷ್ಟಾಗಿ ಇಲ್ಲ. ಇಂದೋರ್ ವಿಧಾನವನ್ನು ರೂಪಿಸಿದವರು ಸರ್ ಆಲ್ಬರ್ಟ್ ಹೋವರ್ಡ್. ಭಾರತದಲ್ಲಿ 26 ವರ್ಷ ಸೇವೆ ಸಲ್ಲಿಸಿದ ಈ ಸಸ್ಯವಿಜ್ಞಾನಿಯ ಬದುಕು, ಸುಸ್ಥಿರ ಬೆಳೆ ಉತ್ಪಾದನೆ ಹಾಗೂ ನಗರ ಕೃಷಿಯಲ್ಲಿ ಸ್ನಾತಕೋತ್ತರ ಸಂಶೋಧನೆ ಕೈಗೊಳ್ಳಬಯಸುವ ಯುವಕ ಯುವತಿಯರಿಗೆ ಒಳ್ಳೆಯ ಪಾಠವಾಗಬಲ್ಲದು. ಸಂಶೋಧನೆಯ ಪ್ರಶ್ನೆ ಎಲ್ಲಿ ಹುಟ್ಟಬೇಕು, ಅದರ ಉತ್ತರವನ್ನು ಹೇಗೆ ಪರೀಕ್ಷಿಸಬೇಕು ಎಂಬ ಎರಡು ವಿಷಯಗಳನ್ನು ಅವರ ಜೀವನ ತಿಳಿಸುತ್ತದೆ. ಮೊದಲನೆಯದನ್ನು ಅವರ ಸಾಧನೆಯಿಂದ ಕಲಿಯಬಹುದು. ಎರಡನೆಯದನ್ನು ಹೆಚ್ಚಾಗಿ ಅವರ ಕೊರತೆಯಿಂದ ಕಲಿಯಬೇಕಾಗಿದೆ.

ಬಾಲ್ಯ ಮತ್ತು ವ್ಯಾಸಂಗ

ಹೋವರ್ಡ್ ಅವರು 1873ರ ಡಿಸೆಂಬರ್ 8ರಂದು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಬಿಷಪ್ಸ್ ಕ್ಯಾಸಲ್ ಎಂಬ ಸಣ್ಣ ಊರಿನ ಬಳಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ದನಕರುಗಳು, ಹುಲ್ಲುಗಾವಲು ಮತ್ತು ಬೆಳೆಗಳ ನಡುವೆ ಬೆಳೆದ ಬಾಲಕನಿಗೆ ಕೃಷಿಯು ಪುಸ್ತಕದಿಂದ ಬಂದ ವಿದ್ಯೆಯಾಗಿರಲಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಹಾಗೂ ಅನಂತರ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ನಿಸರ್ಗ ವಿಜ್ಞಾನವನ್ನು ಅಭ್ಯಸಿಸಿ ಅವರು ಉನ್ನತ ದರ್ಜೆಯಲ್ಲಿ ತೇರ್ಗಡೆ ಹೊಂದಿದರು. ಕೃಷಿ ವಿಷಯದಲ್ಲಿ ಡಿಪ್ಲೊಮಾ ಪದವಿಯನ್ನೂ ಪಡೆದರು. ಹೀಗೆ ರೈತನ ಮಗನ ಅನುಭವ ಮತ್ತು ವಿಶ್ವವಿದ್ಯಾನಿಲಯದ ಶಿಸ್ತು ಇವೆರಡೂ ಅವರಲ್ಲಿ ಕೂಡಿಬಂದವು.

ಹೊಲವಿಲ್ಲದ ವಿಜ್ಞಾನಿ

1899ರಲ್ಲಿ ಹೋವರ್ಡ್ ವೆಸ್ಟ್ ಇಂಡೀಸ್ ದ್ವೀಪಗಳ ಕೃಷಿ ಇಲಾಖೆಯಲ್ಲಿ ಶಿಲೀಂಧ್ರಶಾಸ್ತ್ರಜ್ಞರಾಗಿ ನೇಮಕಗೊಂಡು ಬಾರ್ಬಡೋಸ್‌ಗೆ ತೆರಳಿದರು. ಕಬ್ಬು ಮತ್ತು ಇತರ ಬೆಳೆಗಳಿಗೆ ತಗಲುವ ಶಿಲೀಂಧ್ರ ರೋಗಗಳನ್ನು ಗುರುತಿಸುವುದು ಅವರ ಕೆಲಸವಾಗಿತ್ತು. ರೋಗಪೀಡಿತ ಎಲೆ, ಕಾಂಡಗಳು ಪ್ರಯೋಗಾಲಯಕ್ಕೆ ಬರುತ್ತಿದ್ದವು. ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಕಾರಕವನ್ನು ವಿವರಿಸಿ, ಪರಿಹಾರವನ್ನು ಬರೆದು ಕಳುಹಿಸುತ್ತಿದ್ದರು. ಕೆಲಸವು ಶಾಸ್ತ್ರೀಯವಾಗಿ ನಿರ್ದುಷ್ಟವಾಗಿದ್ದರೂ ಒಂದು ಸಂಗತಿ ಅವರನ್ನು ನಿರಂತರವಾಗಿ ಬಾಧಿಸುತ್ತಿತ್ತು. ತಾವು ಬರೆದ ಸಲಹೆಯನ್ನು ತಾವೇ ಅನುಸರಿಸಿ ಬೆಳೆ ಬೆಳೆದು ನೋಡಲು ಅವರ ಬಳಿ ಒಂದು ತುಂಡು ಭೂಮಿಯೂ ಇರಲಿಲ್ಲ. ಪರೀಕ್ಷಿಸದ ಸಲಹೆಯನ್ನು ಇನ್ನೊಬ್ಬರಿಗೆ ನೀಡುವುದು ಎಷ್ಟು ಸರಿ ಎಂಬ ಸಂದೇಹ ಅವರ ಮನಸ್ಸಿನಲ್ಲಿ ಅಲ್ಲಿಯೇ ಬೇರೂರಿತು.

1903ರಲ್ಲಿ ಇಂಗ್ಲೆಂಡಿಗೆ ಮರಳಿ, ಕೆಂಟ್ ಪ್ರಾಂತ್ಯದ ವೈ ಎಂಬಲ್ಲಿನ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರಜ್ಞರಾದರು. ಬಿಯರ್ ತಯಾರಿಕೆಯಲ್ಲಿ ಕಹಿರುಚಿಗಾಗಿ ಬಳಸುವ ಹಾಪ್ಸ್ ಎಂಬ ಬಳ್ಳಿ ಬೆಳೆ ಅಲ್ಲಿನ ಮುಖ್ಯ ಬೆಳೆಯಾಗಿತ್ತು. ಈ ಬಳ್ಳಿಯಲ್ಲಿ ಗಂಡು ಮತ್ತು ಹೆಣ್ಣು ಗಿಡಗಳು ಬೇರೆ ಬೇರೆ. ಹೆಣ್ಣು ಗಿಡದ ಹೂಗೊಂಚಲು ಮಾತ್ರ ಮಾರಾಟವಾಗುವುದರಿಂದ ಬೆಳೆಗಾರರು ಗಂಡು ಗಿಡಗಳನ್ನು ಕಿತ್ತುಹಾಕುತ್ತಿದ್ದರು. ಪರಾಗಸ್ಪರ್ಶಗೊಂಡ ಹೂಗೊಂಚಲುಗಳು ಬೇಗ ಬಲಿಯುತ್ತವೆ, ರೋಗಬಾಧೆಯನ್ನೂ ಹೆಚ್ಚು ತಾಳಿಕೊಳ್ಳುತ್ತವೆ ಎಂಬುದನ್ನು ಹೋವರ್ಡ್ ಗಮನಿಸಿ, ತೋಟದಲ್ಲಿ ಕೆಲವು ಗಂಡು ಗಿಡಗಳನ್ನು ಉಳಿಸಲು ಸೂಚಿಸಿದರು. ಔಷಧಿಯ ಬದಲು ಬೇಸಾಯ ಕ್ರಮದಲ್ಲಿನ ಸಣ್ಣ ತಿದ್ದುಪಡಿಯಿಂದ ಬೆಳೆಯ ಆರೋಗ್ಯ ಸುಧಾರಿಸಬಹುದೆಂಬ ನಂಬಿಕೆ ಅವರಿಗೆ ಇಲ್ಲಿ ದೃಢವಾಯಿತು.

ಪೂಸಾದಲ್ಲಿ 19 ವರ್ಷಗಳು

ಬಿಹಾರದ ಪೂಸಾ ಎಂಬಲ್ಲಿ 1905ರಲ್ಲಿ ಅಖಿಲ ಭಾರತ ಮಟ್ಟದ ಕೃಷಿ ಸಂಶೋಧನಾ ಸಂಸ್ಥೆಯೊಂದು ಸ್ಥಾಪನೆಯಾಯಿತು. ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿದ್ದ ಕಾಲವದು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ನೀಡಿದ ಹಣದಿಂದ ಸಂಸ್ಥೆಯ ಕಟ್ಟಡ ಮೇಲೆದ್ದಿತು. ಅದೇ ವರ್ಷ ಹೋವರ್ಡ್ ಅಲ್ಲಿನ ಆರ್ಥಿಕ ಸಸ್ಯಶಾಸ್ತ್ರಜ್ಞರಾಗಿ ನೇಮಕಗೊಂಡರು. ಅವರು ಕೇಳಿದ ಮೊದಲ ಸೌಲಭ್ಯ ಭೂಮಿ. ಸುಮಾರು 75 ಎಕರೆ ಭೂಮಿಯನ್ನು ಪಡೆದು, ತಾವೇ ಬೇಸಾಯ ಮಾಡಿಸುತ್ತಾ ಪ್ರಯೋಗಗಳನ್ನು ನಡೆಸತೊಡಗಿದರು. ಬಾರ್ಬಡೋಸ್‌ನಲ್ಲಿ ಕಾಡಿದ ಕೊರತೆ ಇಲ್ಲಿ ನೀಗಿತು.

ಇದೇ ವರ್ಷ ಅವರು ಗೇಬ್ರಿಯೆಲ್ ಮ್ಯಾಥೈ ಅವರನ್ನು ವಿವಾಹವಾದರು. ಗೇಬ್ರಿಯೆಲ್ ಅವರು ಕೇಂಬ್ರಿಜ್‌ನಲ್ಲಿ ಉಷ್ಣಾಂಶವು ಎಲೆಗಳ ದ್ಯುತಿಸಂಶ್ಲೇಷಣೆಯ ಮೇಲೆ ಬೀರುವ ಪರಿಣಾಮವನ್ನು ಸಂಶೋಧಿಸಿ ಹೆಸರು ಗಳಿಸಿದ್ದ ಸಸ್ಯಕ್ರಿಯಾ ವಿಜ್ಞಾನಿ. ಮಹಿಳಾ ವಿಜ್ಞಾನಿಗಳಿಗೆ ಹುದ್ದೆ ದೊರೆಯುವುದೇ ದುರ್ಲಭವಾಗಿದ್ದ ಕಾಲದಲ್ಲಿ ಅವರು ಮೊದಲು ಪತಿಯ ಸಹಾಯಕಿಯಾಗಿ ದುಡಿದು, ಮುಂದೆ ಅದೇ ಸಂಸ್ಥೆಯಲ್ಲಿ ಎರಡನೆಯ ಆರ್ಥಿಕ ಸಸ್ಯಶಾಸ್ತ್ರಜ್ಞೆಯಾಗಿ ನೇಮಕಗೊಂಡರು. ಹೋವರ್ಡ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪೂಸಾದ ಬಹುಪಾಲು ಸಂಶೋಧನೆ ವಾಸ್ತವವಾಗಿ ಈ ದಂಪತಿಗಳ ಜಂಟಿ ದುಡಿಮೆಯ ಫಲ.

ಗೋಧಿ ಅವರ ಮೊದಲ ದೊಡ್ಡ ಕೆಲಸವಾಯಿತು. ಆ ಕಾಲದಲ್ಲಿ ರೈತರು ಬಿತ್ತುತ್ತಿದ್ದ ಗೋಧಿಯು ಹಲವು ಬಗೆಗಳ ಮಿಶ್ರಣವಾಗಿತ್ತು. ಈ ಮಿಶ್ರಣಗಳಿಂದ ಒಂದೊಂದೇ ಗಿಡವನ್ನು ಆಯ್ದು, ಶುದ್ಧ ವಂಶಾವಳಿಗಳನ್ನು ಬೆಳೆಸಿ, ಇಳುವರಿಯೊಂದಿಗೆ ಹಿಟ್ಟಿನ ಗುಣಮಟ್ಟವನ್ನೂ ಪರೀಕ್ಷಿಸಿ ಪೂಸಾ 4, ಪೂಸಾ 12 ಮುಂತಾದ ತಳಿಗಳನ್ನು ಅವರು ಬಿಡುಗಡೆ ಮಾಡಿದರು. ಇವು ಉತ್ತರ ಭಾರತದಲ್ಲಿ ವ್ಯಾಪಕವಾಗಿ ಹರಡಿದವು. ಆದರೆ ತಳಿಯೊಂದೇ ಇಳುವರಿಯನ್ನು ನಿರ್ಧರಿಸುವುದಿಲ್ಲ, ಮಣ್ಣಿನ ಸ್ಥಿತಿ ಸರಿಯಿಲ್ಲದೆ ಉತ್ತಮ ತಳಿಯೂ ತನ್ನ ಶಕ್ತಿಯನ್ನು ತೋರಲಾರದು ಎಂಬುದನ್ನು ದಂಪತಿಗಳು ಬೇಗನೆ ಮನಗಂಡರು.

ಬಿಹಾರದ ನೀಲಿ ಬೆಳೆಯಲ್ಲಿ ಕಾಣಿಸಿಕೊಂಡಿದ್ದ ಸೊರಗು ರೋಗ ಇದಕ್ಕೆ ಉತ್ತಮ ನಿದರ್ಶನ. ರೋಗಕಾರಕಕ್ಕಾಗಿ ಎಲೆ, ಕಾಂಡಗಳನ್ನು ಹುಡುಕುವ ಬದಲು ಹೋವರ್ಡ್ ದಂಪತಿಗಳು ಮಣ್ಣನ್ನು ನೀರಿನಿಂದ ತೊಳೆದು ಬೇರುಗಳನ್ನು ಇಡಿಯಾಗಿ ಬಿಡಿಸಿ ನೋಡಿದರು. ಮಳೆಗಾಲದಲ್ಲಿ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಸೂಕ್ಷ್ಮ ಬೇರುಗಳು ಸತ್ತಿರುವುದು ಕಂಡುಬಂದಿತು. ಬಸಿಗಾಲುವೆಯ ವ್ಯವಸ್ಥೆ ಮತ್ತು ಮಣ್ಣಿನ ರಚನೆಯ ಸುಧಾರಣೆಯೇ ಇಲ್ಲಿ ಮುಖ್ಯ ಎಂಬ ನಿರ್ಣಯಕ್ಕೆ ಅವರು ಬಂದರು. ಇಂದಿಗೂ ಶುಂಠಿ, ಮೆಣಸಿನಕಾಯಿ ಮತ್ತು ತೊಗರಿ ಹೊಲಗಳಲ್ಲಿ ಗಿಡ ಸೊರಗಿದಾಗ ಮೊದಲು ಬೇರನ್ನೂ ಬಸಿಯುವಿಕೆಯನ್ನೂ ಪರಿಶೀಲಿಸಬೇಕೆಂದು ವಿಸ್ತರಣಾ ಕಾರ್ಯಕರ್ತರು ಹೇಳುವುದರ ಹಿಂದೆ ಇದೇ ಕ್ರಮವಿದೆ.

ರೈತರೂ ಕೀಟಗಳೂ ಕಲಿಸಿದ್ದು

ಪೂಸಾದ ಸುತ್ತಮುತ್ತಲಿನ ಹಳ್ಳಿಗಳ ಬೆಳೆಗಳಲ್ಲಿ ರೋಗ ಮತ್ತು ಕೀಟಗಳ ಹಾವಳಿ ಕಡಿಮೆಯಿರುವುದು ಹೋವರ್ಡ್ ಅವರ ಗಮನಕ್ಕೆ ಬಂದಿತು. ಆ ರೈತರಲ್ಲಿ ಕೀಟನಾಶಕವೂ ಇರಲಿಲ್ಲ, ರಾಸಾಯನಿಕ ಗೊಬ್ಬರವೂ ಇರಲಿಲ್ಲ. ಅವರು ಏಕದಳ ಧಾನ್ಯದೊಂದಿಗೆ ದ್ವಿದಳ ಧಾನ್ಯವನ್ನು ಬೆರೆಸಿ ಬಿತ್ತುತ್ತಿದ್ದರು, ಹೊಲಕ್ಕೆ ತಕ್ಕ ತಳಿಯನ್ನು ಆರಿಸುತ್ತಿದ್ದರು, ದನದ ಗೊಬ್ಬರವನ್ನು ಮಣ್ಣಿಗೆ ಹಿಂದಿರುಗಿಸುತ್ತಿದ್ದರು. ಈ ರೈತರನ್ನೂ ಬೆಳೆಗೆ ಬರುವ ಕೀಟಗಳನ್ನೂ ತಮ್ಮ ಗುರುಗಳೆಂದು ಅವರು ಭಾವಿಸಿದರು. ಕೀಟವನ್ನು ಅವರು ಕೇವಲ ಶತ್ರುವೆಂದು ಕಾಣದೆ, ತಳಿಯೋ ಮಣ್ಣೋ ಬೇಸಾಯ ಕ್ರಮವೋ ಎಲ್ಲಿ ತಪ್ಪಿದೆ ಎಂಬುದರ ಸೂಚನೆಯೆಂದು ಕಂಡರು. ರೈತರ ಕ್ರಮಗಳನ್ನು ತಮ್ಮ ಭೂಮಿಯಲ್ಲಿ ಅನುಸರಿಸಿ, ಐದು ವರ್ಷಗಳೊಳಗೆ ಬಹುಮಟ್ಟಿಗೆ ರೋಗಮುಕ್ತ ಬೆಳೆ ತೆಗೆಯುವುದನ್ನು ಕಲಿತುದಾಗಿ ಮುಂದೆ ದಾಖಲಿಸಿದರು.

ತಾವೇ ಬೆಳೆದ ಮೇವನ್ನು ತಿಂದು ಬೆಳೆದ ಎತ್ತುಗಳನ್ನೂ ಅವರು ಸಾಕಿದ್ದರು. ನೆರೆಯ ಜಮೀನಿನಲ್ಲಿ ಕಾಲುಬಾಯಿ ಜ್ವರ ಬಂದಾಗ, ರೋಗಪೀಡಿತ ದನಗಳು ಬೇಲಿಯಾಚೆಯಿಂದ ತಮ್ಮ ಎತ್ತುಗಳಿಗೆ ಮೂತಿ ತಾಗಿಸಿದರೂ ಎತ್ತುಗಳಿಗೆ ರೋಗ ತಗಲಲಿಲ್ಲವೆಂದು ಅವರು ಬರೆದಿದ್ದಾರೆ. ಫಲವತ್ತಾದ ಮಣ್ಣಿನ ಮೇವೇ ಇದಕ್ಕೆ ಕಾರಣವೆಂಬುದು ಅವರ ನಿಲುವು. ಆ ನಿಲುವಿನ ಪರಾಮರ್ಶೆ ಈ ಲೇಖನದಲ್ಲಿಯೇ ಮುಂದೆ ಇದೆ.

ಬೇಸಿಗೆಯಲ್ಲಿ ದಂಪತಿಗಳು ಬಲೂಚಿಸ್ತಾನದ ಕ್ವೆಟ್ಟಾದಲ್ಲಿದ್ದ ಹಣ್ಣಿನ ಬೆಳೆಗಳ ಪ್ರಯೋಗ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಬೇಸಾಯದ ಜೊತೆಗೆ ಹಣ್ಣು ಮತ್ತು ಟೊಮ್ಯಾಟೊಗಳನ್ನು ದೂರದ ನಗರಗಳಿಗೆ ಕೆಡದಂತೆ ಸಾಗಿಸುವ ಪೆಟ್ಟಿಗೆಗಳ ಬಗೆಗೂ ಅವರು ಶ್ರಮಿಸಿದರು. ಬೆಳೆಯ ಅಧ್ಯಯನವು ಬೇರಿನಿಂದ ಆರಂಭಿಸಿ ಮಾರುಕಟ್ಟೆಯವರೆಗೆ ಸಾಗಬೇಕೆಂಬುದು ಅವರ ಧೋರಣೆಯಾಗಿತ್ತು.

ಪೂಸಾವನ್ನು ಬಿಟ್ಟು ಇಂದೋರ್‌ಗೆ

ಪೂಸಾದಲ್ಲಿ ಕೆಲಸವು ವಿಭಾಗಗಳಾಗಿ ಹಂಚಿಹೋಗಿತ್ತು. ತಳಿ ಒಬ್ಬರದು, ಮಣ್ಣು ಇನ್ನೊಬ್ಬರದು, ಕೀಟ ಮತ್ತೊಬ್ಬರದು, ರೋಗ ಮಗದೊಬ್ಬರದು. ರೈತನ ಹೊಲದಲ್ಲಿ ಇವೆಲ್ಲವೂ ಒಂದೇ ಸಮಸ್ಯೆಯಾಗಿ ಬರುತ್ತವೆ ಎಂದು ಹೋವರ್ಡ್ ವಾದಿಸಿದರು. ವಿಭಾಗಗಳ ಗಡಿಯನ್ನು ದಾಟಿ ಕೆಲಸ ಮಾಡಬೇಕೆಂಬ ಅವರ ಅಪೇಕ್ಷೆಗೆ ಅಲ್ಲಿ ಅವಕಾಶ ದೊರೆಯಲಿಲ್ಲ. ಆದುದರಿಂದ ಹೊಸ ಸಂಸ್ಥೆಯನ್ನೇ ಕಟ್ಟಲು ಅವರು ನಿರ್ಧರಿಸಿದರು. ಭಾರತೀಯ ಕೇಂದ್ರ ಹತ್ತಿ ಸಮಿತಿ ಹಾಗೂ ಮಧ್ಯ ಭಾರತದ ಸಂಸ್ಥಾನಗಳ ನೆರವಿನಿಂದ 1924ರಲ್ಲಿ ಇಂದೋರ್‌ನಲ್ಲಿ ಸಸ್ಯೋದ್ಯಮ ಸಂಸ್ಥೆ ಆರಂಭವಾಯಿತು. ಇಂದೋರ್ ದರ್ಬಾರು ಸುಮಾರು 300 ಎಕರೆ ಭೂಮಿಯನ್ನು ಒದಗಿಸಿತು.

ಇಂದೋರ್‌ನ ಮಣ್ಣು ನಮ್ಮ ಧಾರವಾಡ, ವಿಜಯಪುರ, ಕಲಬುರಗಿ ಭಾಗದ ಎರೆಭೂಮಿಯನ್ನು ಹೋಲುವ ಕಪ್ಪು ಮಣ್ಣು. ಮಳೆಗಾಲದಲ್ಲಿ ಅಂಟಾಗಿ ಗಾಳಿಯಾಡದು. ಬೇಸಿಗೆಯಲ್ಲಿ ಬಿರುಕು ಬಿಡುವುದು. ಮುಖ್ಯ ಬೆಳೆ ಹತ್ತಿ. ಈ ಮಣ್ಣಿಗೆ ಸಾವಯವ ಪದಾರ್ಥ ಅಗತ್ಯವೆಂಬುದು ಸ್ಪಷ್ಟವಾಗಿತ್ತು. ಆದರೆ ಸಗಣಿಯ ಬಹುಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಉಳಿದುದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕಬ್ಬಿನ ರವದಿ, ಕಳೆ ಮತ್ತು ಒಣ ಎಲೆ. ಇವನ್ನು ನೇರವಾಗಿ ಮಣ್ಣಿಗೆ ಸೇರಿಸಿದರೆ ಕೊಳೆಯುವಾಗ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಬೆಳೆಯನ್ನು ಹಳದಿಯಾಗಿಸುತ್ತವೆ. ಆದುದರಿಂದ ಅವು ಹೊಲದ ಹೊರಗೆ ಕೊಳೆತು, ಗೊಬ್ಬರವಾಗಿ ಹೊಲಕ್ಕೆ ಬರಬೇಕಿತ್ತು.

ಚೀನಾ, ಕೊರಿಯಾ ಮತ್ತು ಜಪಾನ್‌ಗಳ ರೈತರು ಕಸಕಡ್ಡಿಯನ್ನು ಕಾಂಪೋಸ್ಟ್ ಮಾಡುವ ಪದ್ಧತಿಯನ್ನು ಅಮೆರಿಕದ ಮಣ್ಣು ವಿಜ್ಞಾನಿ ಎಫ್. ಎಚ್. ಕಿಂಗ್ ಅವರು 1911ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದರು. ಆ ಅನುಭವವನ್ನೂ ಸೂಕ್ಷ್ಮಾಣುಗಳ ಕುರಿತ ಅಂದಿನ ವಿಜ್ಞಾನವನ್ನೂ ಕೂಡಿಸಿ, ರಸಾಯನ ವಿಜ್ಞಾನಿ ಯಶವಂತ ವಾಡ್ ಅವರ ಸಹಯೋಗದಲ್ಲಿ ಹೋವರ್ಡ್ ಇಂದೋರ್ ವಿಧಾನವನ್ನು ರೂಪಿಸಿದರು. ಇದರ ಕ್ರಮ ಹೀಗಿದೆ. ಗಡುಸಾದ ಹತ್ತಿ, ತೊಗರಿ ಕಟ್ಟಿಗೆಗಳನ್ನು ಗಾಡಿ ಓಡಾಡುವ ದಾರಿಯ ಮೇಲೆ ಹರಡಿ ಜಜ್ಜಿ ಮೆತ್ತಗಾಗಿಸಲಾಗುತ್ತಿತ್ತು. ಹಲವು ಬಗೆಯ ಬೆಳೆ ಉಳಿಕೆಯನ್ನು ಬೆರೆಸಿ ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಲಾಗುತ್ತಿತ್ತು. ಗಂಜಲದಲ್ಲಿ ನೆನೆದ ಈ ಹಾಸನ್ನು ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು ಮತ್ತು ಬೂದಿಯೊಂದಿಗೆ ಸುಮಾರು 2 ಅಡಿ ಆಳದ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ನೀರು ಚಿಮುಕಿಸಿ, ಮೂರು ಸಲ ತಿರುವಿ ಹಾಕಬೇಕು. ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.

ಈ ವಿಧಾನದ ತಿರುಳು ಇಂಗಾಲ ಮತ್ತು ಸಾರಜನಕಗಳ ಅನುಪಾತದಲ್ಲಿದೆ. ಆರಂಭದ ಮಿಶ್ರಣದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 33 ಪಾಲು ಇಂಗಾಲವಿದ್ದರೆ ಕೊಳೆಯುವಿಕೆ ಸರಾಗವಾಗಿ ನಡೆಯುತ್ತದೆ. ಇಂಗಾಲ ತೀರ ಹೆಚ್ಚಾದರೆ ಕಸ ಕೊಳೆಯದೆ ಉಳಿಯುತ್ತದೆ. ಸಾರಜನಕ ಹೆಚ್ಚಾದರೆ ಅದು ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಒಣ ಕಡ್ಡಿಗೆ ಹಸಿ ಸೊಪ್ಪನ್ನೂ ಸಗಣಿಯನ್ನೂ ಬೆರೆಸುವುದು ಈ ಸಮತೋಲನಕ್ಕಾಗಿಯೇ. ತಿರುವಿ ಹಾಕುವುದು ಗಾಳಿಗಾಗಿ. ಈ ಮೂರು ಅಂಶಗಳನ್ನು ತಿಳಿದ ರೈತರು ತಮ್ಮಲ್ಲಿ ಸಿಗುವ ಯಾವುದೇ ಕಸಕ್ಕೆ ವಿಧಾನವನ್ನು ಹೊಂದಿಸಿಕೊಳ್ಳಬಹುದು.

1930ರಲ್ಲಿ ಗೇಬ್ರಿಯೆಲ್ ಅವರು ನಿಧನರಾದರು. 25 ವರ್ಷಗಳ ಸಂಗಾತಿಯನ್ನೂ ಸಹೋದ್ಯೋಗಿಯನ್ನೂ ಕಳೆದುಕೊಂಡ ಹೋವರ್ಡ್ 1931ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ವಾಡ್ ಅವರೊಂದಿಗೆ ಬರೆದ, ಕೃಷಿ ತ್ಯಾಜ್ಯಗಳ ಬಳಕೆಯ ಕುರಿತ ಗ್ರಂಥ ಪ್ರಕಟವಾಯಿತು. ಗೇಬ್ರಿಯೆಲ್ ಅವರ ಸೋದರಿ ಲೂಯಿಸ್ ಅವರನ್ನು ಹೋವರ್ಡ್ ಮುಂದೆ ವಿವಾಹವಾದರು. ಹೋವರ್ಡ್ ಅವರ ಭಾರತದ ಕೆಲಸವನ್ನು ಕುರಿತ ಗ್ರಂಥವನ್ನು 1953ರಲ್ಲಿ ಹೊರತಂದವರು ಇವರೇ.

ನಗರದ ಕಸ ಹೊಲಕ್ಕೆ ಮರಳಿದ ಬಗೆ

ಹಳ್ಳಿಯ ತಿಪ್ಪೆಗಾಗಿ ರೂಪುಗೊಂಡ ವಿಧಾನ ಬಹುಬೇಗ ನಗರಗಳನ್ನು ತಲುಪಿತು. ಹೊಲದಲ್ಲಿ ಬೆಳೆದ ಧಾನ್ಯ, ತರಕಾರಿಗಳೊಂದಿಗೆ ಮಣ್ಣಿನ ಪೋಷಕಾಂಶಗಳೂ ನಗರಕ್ಕೆ ಹೋಗುತ್ತವೆ. ಅಲ್ಲಿ ಕಸವಾಗಿ, ಚರಂಡಿಯ ನೀರಾಗಿ ವ್ಯರ್ಥವಾಗುತ್ತವೆ. ಅವನ್ನು ಮರಳಿ ಹೊಲಕ್ಕೆ ತರದ ಹೊರತು ಮಣ್ಣಿನ ಫಲವತ್ತತೆಯ ಲೆಕ್ಕ ಸರಿದೂಗದು ಎಂದು ಹೋವರ್ಡ್ ಪ್ರತಿಪಾದಿಸಿದರು. ಇಂದೋರ್‌ನಲ್ಲಿ ಅವರ ನಂತರ ಕೆಲಸ ಮುಂದುವರಿಸಿದ ಜಾಕ್ಸನ್ ಮತ್ತು ವಾಡ್ ಅವರು ವಸತಿ ಪ್ರದೇಶದ ತ್ಯಾಜ್ಯಕ್ಕೆ ಈ ವಿಧಾನವನ್ನು ಅಳವಡಿಸಿದರು. ಕಲ್ಕತ್ತೆಯ ಬಳಿಯ ಟಾಲಿಗಂಜ್‌ನಲ್ಲಿ ಪುರಸಭೆಯ ಕಸವನ್ನು ಇದೇ ಕ್ರಮದಲ್ಲಿ ಗೊಬ್ಬರವಾಗಿಸಲಾಯಿತು. ಇಂಗ್ಲೆಂಡಿನಲ್ಲಿ ಲಂಡನ್ನಿನ ಸದಕ್ ಭಾಗದ ಪುಡಿ ಮಾಡಿದ ಕಸವು ಬೋಡಿಯಮ್ ಎಂಬಲ್ಲಿನ ಹಾಪ್ಸ್ ತೋಟಗಳಿಗೆ ಬಳಕೆಯಾಯಿತು.

ನಮ್ಮ ರಾಜ್ಯಕ್ಕೆ ಈ ಕಥೆಯ ನಿಕಟ ಸಂಬಂಧ ಬರುವುದು ಇಲ್ಲಿಯೇ. ಇಂದೋರ್ ವಿಧಾನದಲ್ಲಿ ಪದೇ ಪದೇ ತಿರುವಿ ಹಾಕಬೇಕು. ನಗರದ ಕಸದಲ್ಲಿ ಇದರಿಂದ ನೊಣ, ದುರ್ವಾಸನೆ ಮತ್ತು ಕೂಲಿಯ ವೆಚ್ಚ ಹೆಚ್ಚುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಈ ಸಮಸ್ಯೆಗೆ ಉತ್ತರವಾಗಿ ಬೆಂಗಳೂರು ವಿಧಾನವನ್ನು ರೂಪಿಸಿದರು. ಕಂದಕದಲ್ಲಿ ನಗರದ ಕಸ ಮತ್ತು ಮಲವನ್ನು ಪದರಗಳಾಗಿ ತುಂಬಿ, ಮೇಲೆ ಮಣ್ಣಿನಿಂದ ಮುಚ್ಚಿ, ತಿರುವದೆ ಬಿಡುವುದು ಇದರ ಕ್ರಮ. ಮೊದಲು ಗಾಳಿಯ ಸಹಾಯದಿಂದ, ಅನಂತರ ಗಾಳಿಯಿಲ್ಲದೆ ನಿಧಾನವಾಗಿ ಕೊಳೆತು 6ರಿಂದ 8 ತಿಂಗಳಲ್ಲಿ ಗೊಬ್ಬರವಾಗುತ್ತದೆ. ತೇವಾಂಶ ಮತ್ತು ಸಾರಜನಕದ ನಷ್ಟ ಕಡಿಮೆ. ಆದರೆ ಕಾಲ ಹೆಚ್ಚು ಬೇಕು. ಮಲವನ್ನು ಕೈಯಿಂದ ಸಾಗಿಸುವ ಅಂದಿನ ಪದ್ಧತಿ ಅಮಾನವೀಯವಾದುದು. ಅದನ್ನು ಇಂದು ಕಾನೂನು ನಿಷೇಧಿಸಿದೆ. ಆದುದರಿಂದ ಇಂದು ಈ ವಿಧಾನವನ್ನು ಹಸಿ ಕಸ, ಸಗಣಿ ಬಗ್ಗಡ ಮತ್ತು ಬೆಳೆ ಉಳಿಕೆಗಳೊಂದಿಗೆ ಮಾತ್ರ ಅನುಸರಿಸಬೇಕು.

ವಾದ ಮತ್ತು ಅದರ ಮಿತಿ

1934ರಲ್ಲಿ ಹೋವರ್ಡ್ ಅವರಿಗೆ ಸರ್ ಪದವಿ ದೊರೆಯಿತು. 1940ರಲ್ಲಿ ಪ್ರಕಟವಾದ ಕೃಷಿ ಕುರಿತ ಅವರ ಪ್ರಮುಖ ಗ್ರಂಥವು ಸಾವಯವ ಕೃಷಿ ಚಳವಳಿಯ ಮೂಲ ಗ್ರಂಥಗಳಲ್ಲಿ ಒಂದೆನಿಸಿತು. ಇಂಗ್ಲೆಂಡಿನ ಈವ್ ಬಾಲ್ಫರ್, ಅಮೆರಿಕದ ಜೆ. ಐ. ರೋಡೇಲ್ ಮುಂತಾದವರು ಅವರಿಂದ ಪ್ರೇರಣೆ ಪಡೆದರು. ಆದರೆ ಕೃಷಿ ವಿಜ್ಞಾನಿಗಳ ವಲಯದಲ್ಲಿ ಹೋವರ್ಡ್ ಅವರ ಮಾತಿಗೆ ವಿರೋಧವೂ ಇತ್ತು. ಆ ವಿರೋಧದಲ್ಲಿ ಹಳೆಯ ಅಭ್ಯಾಸವನ್ನು ಬಿಡಲೊಲ್ಲದ ಮನೋಭಾವವೂ ಇತ್ತು, ನ್ಯಾಯವಾದ ಆಕ್ಷೇಪವೂ ಇತ್ತು.

ಫಲವತ್ತಾದ ಮಣ್ಣಿನಲ್ಲಿ ಬೆಳೆದ ಬೆಳೆಗೆ, ಆ ಬೆಳೆಯನ್ನು ತಿಂದ ದನಕ್ಕೆ, ಆ ಅನ್ನವನ್ನು ಉಂಡ ಮನುಷ್ಯನಿಗೆ ರೋಗ ಬಾರದು ಎಂಬಷ್ಟರ ಮಟ್ಟಿಗೆ ಅವರು ತಮ್ಮ ವಾದವನ್ನು ವಿಸ್ತರಿಸಿದರು. ಇದಕ್ಕೆ ಆಧಾರವಾಗಿ ತಮ್ಮ ಅವಲೋಕನಗಳನ್ನು ಮುಂದಿಟ್ಟರೇ ಹೊರತು ಹೋಲಿಕೆಯ ಪ್ರಯೋಗಗಳನ್ನಲ್ಲ. ಸಣ್ಣ ತಾಕುಗಳಲ್ಲಿ ಪುನರಾವರ್ತನೆಯೊಂದಿಗೆ ನಡೆಸುವ ಪ್ರಯೋಗ ಮತ್ತು ಸಂಖ್ಯಾಶಾಸ್ತ್ರದ ವಿಶ್ಲೇಷಣೆಯ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಸಣ್ಣ ತಾಕು ನಿಜವಾದ ಹೊಲವನ್ನು ಪ್ರತಿನಿಧಿಸದೆಂಬ ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಗೊಬ್ಬರ ಹಾಕಿದ ಹೊಲದ ಪಕ್ಕದಲ್ಲಿ ಗೊಬ್ಬರ ಹಾಕದ ಹೊಲವಿಲ್ಲದಿದ್ದರೆ, ಬಂದ ಫಲ ಗೊಬ್ಬರದ್ದೋ ಮಳೆಯದ್ದೋ ಎಂದು ತಿಳಿಯುವ ಮಾರ್ಗವೇ ಇಲ್ಲ.

ಎತ್ತುಗಳಿಗೆ ಕಾಲುಬಾಯಿ ಜ್ವರ ತಗಲದ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬೇಕು. ಎತ್ತುಗಳ ಸಂಖ್ಯೆ ಕಡಿಮೆಯಿತ್ತು. ಅವುಗಳಿಗೆ ಹಿಂದೆ ರೋಗ ಬಂದು ಹೋಗಿ ನಿರೋಧಶಕ್ತಿ ಉಂಟಾಗಿತ್ತೇ ಎಂಬ ಪರೀಕ್ಷೆ ಇರಲಿಲ್ಲ. ಬೇರೆ ಮೇವು ತಿಂದ ಎತ್ತುಗಳೊಂದಿಗೆ ಹೋಲಿಕೆ ಇರಲಿಲ್ಲ. ಕಾಲುಬಾಯಿ ಜ್ವರವು ವೈರಾಣುವಿನಿಂದ ಹರಡುವ ರೋಗ. ಚೆನ್ನಾಗಿ ಮೇಯಿಸಿದ ರಾಸಿಗೂ ಅದು ತಗಲುತ್ತದೆ. ಸಾವಯವ ಪದ್ಧತಿ ಅನುಸರಿಸುವ ರೈತ ಬಾಂಧವರೂ ಸೇರಿದಂತೆ ಎಲ್ಲರೂ ಪಶುಸಂಗೋಪನಾ ಇಲಾಖೆಯ ಲಸಿಕಾ ಕಾರ್ಯಕ್ರಮದಲ್ಲಿ ತಮ್ಮ ರಾಸುಗಳಿಗೆ ತಪ್ಪದೆ ಲಸಿಕೆ ಹಾಕಿಸಬೇಕು. ದೊಡ್ಡ ವಿಜ್ಞಾನಿಯ ಹೆಸರಿನಲ್ಲಿ ಬಂದ ಮಾತಾದರೂ ಪರೀಕ್ಷೆಗೆ ಒಳಪಡದಿದ್ದರೆ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ.

ರಾಸಾಯನಿಕ ಗೊಬ್ಬರವನ್ನು ಹೋವರ್ಡ್ ಸಂಪೂರ್ಣವಾಗಿ ತಿರಸ್ಕರಿಸಿದ್ದರ ಬಗೆಗೂ ಇದೇ ಮಾತು ಅನ್ವಯಿಸುತ್ತದೆ. ಸಾವಯವ ಗೊಬ್ಬರದೊಂದಿಗೆ ಮಣ್ಣು ಪರೀಕ್ಷೆಯ ಆಧಾರದ ಮೇಲೆ ರಾಸಾಯನಿಕ ಗೊಬ್ಬರವನ್ನು ಮಿತವಾಗಿ ಬಳಸುವ ಸಮಗ್ರ ಪೋಷಕಾಂಶ ನಿರ್ವಹಣೆಯನ್ನು ಇಂದು ಕೃಷಿ ವಿಶ್ವವಿದ್ಯಾನಿಲಯಗಳು ಶಿಫಾರಸು ಮಾಡುತ್ತವೆ. ಆದರೆ ಮಣ್ಣಿನಲ್ಲಿ ಸಾವಯವ ಇಂಗಾಲ ಕುಸಿದರೆ ಯಾವ ಗೊಬ್ಬರವೂ ಪೂರ್ಣ ಫಲ ನೀಡದೆಂಬ ಅವರ ಎಚ್ಚರಿಕೆ ಕಾಲದ ಪರೀಕ್ಷೆಯಲ್ಲಿ ಗೆದ್ದಿದೆ. 1947ರ ಅಕ್ಟೋಬರ್ 20ರಂದು ಹೋವರ್ಡ್ ಲಂಡನ್ನಿನಲ್ಲಿ ನಿಧನರಾದರು.

ಇಂದಿನ ಸ್ನಾತಕೋತ್ತರ ಸಂಶೋಧನೆಗೆ ಇರುವ ದಾರಿ

ಹೋವರ್ಡ್ ಸೇರಿದ ಪೂಸಾ ಸಂಸ್ಥೆ 1934ರ ಭೂಕಂಪದಲ್ಲಿ ಹಾನಿಗೊಂಡು 1936ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಾಗಿ ಬೆಳೆದು, 1958ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದು ಇಂದು ಸ್ನಾತಕೋತ್ತರ ಶಿಕ್ಷಣದ ಪ್ರಮುಖ ಕೇಂದ್ರವಾಗಿದೆ. ನಮ್ಮಲ್ಲಿ 1899ರಲ್ಲಿ ಹೆಬ್ಬಾಳದ 30 ಎಕರೆಯಲ್ಲಿ ಆರಂಭವಾದ ಪ್ರಯೋಗ ಕ್ಷೇತ್ರದ ಪರಂಪರೆಯಿಂದ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಂದು ಊರಾಚೆಯಿದ್ದ ಹೆಬ್ಬಾಳ ಇಂದು ನಗರದ ಒಳಗಿದೆ. ನಗರ ಕೃಷಿಯ ಸಂಶೋಧನೆಗೆ ಬೇಕಾದ ಪ್ರಶ್ನೆಗಳು ಆವರಣದ ಗೋಡೆಯ ಆಚೆಯಲ್ಲೇ ಇವೆ.

ಕೃಷಿ ಪದವೀಧರರು ನಾಲ್ಕು ವರ್ಷಗಳ ಪದವಿಯ ನಂತರ ಎರಡು ವರ್ಷಗಳ ಎಂ.ಎಸ್ಸಿ. ಹಾಗೂ ಮುಂದೆ ಪಿಎಚ್.ಡಿ. ಅಧ್ಯಯನಕ್ಕೆ ರಾಜ್ಯದ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ ಹಾಗೂ ಬಾಗಲಕೋಟೆಯ ವಿಶ್ವವಿದ್ಯಾನಿಲಯಗಳಲ್ಲಿ ಸೇರಬಹುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪ್ರವೇಶ ಪರೀಕ್ಷೆಯ ಮೂಲಕ ಇತರ ರಾಜ್ಯಗಳಲ್ಲಿಯೂ ಅವಕಾಶವಿದೆ. ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ಕೃಷಿ ಸೂಕ್ಷ್ಮಾಣುಜೀವಿ ಶಾಸ್ತ್ರ, ತೋಟಗಾರಿಕೆ, ಕೃಷಿ ವಿಸ್ತರಣೆ ಇವುಗಳಲ್ಲಿ ಯಾವ ವಿಭಾಗವನ್ನು ಆರಿಸಿದರೂ ನಗರ ಕೃಷಿಯ ವಿಷಯ ಕೈಗೆತ್ತಿಕೊಳ್ಳಲು ಸಾಧ್ಯ. ಉದಾಹರಣೆಗೆ ಈ ಕೆಳಗಿನ ಪ್ರಶ್ನೆಗಳನ್ನು ಪರಿಗಣಿಸಬಹುದು.

• ನಗರದ ಕಾಂಪೋಸ್ಟನ್ನು ಹಲವು ವರ್ಷ ಸತತವಾಗಿ ಬಳಸಿದ ರಾಗಿ ಅಥವಾ ತರಕಾರಿ ಹೊಲದಲ್ಲಿ ಸಾವಯವ ಇಂಗಾಲ ಎಷ್ಟು ಏರುತ್ತದೆ? ಸೀಸ, ಕ್ಯಾಡ್ಮಿಯಂ ಮುಂತಾದ ಭಾರ ಲೋಹಗಳು ಎಷ್ಟು ಸಂಗ್ರಹವಾಗುತ್ತವೆ?
• ಸಂಸ್ಕರಿಸಿದ ನಗರದ ನೀರು ಕೆರೆಗಳನ್ನು ತುಂಬುತ್ತಿರುವ ಕೋಲಾರದಂತಹ ಜಿಲ್ಲೆಗಳಲ್ಲಿ ಮಣ್ಣು, ಅಂತರ್ಜಲ ಮತ್ತು ಸೊಪ್ಪು ತರಕಾರಿಗಳ ಗುಣಮಟ್ಟ ಹೇಗೆ ಬದಲಾಗುತ್ತಿದೆ?
• ಇಂಗಾಲ–ಸಾರಜನಕ ಅನುಪಾತ 100ಕ್ಕೂ ಹೆಚ್ಚಿರುವ ತೆಂಗಿನ ನಾರಿನ ಪುಡಿಯನ್ನು ಅಡುಗೆಮನೆಯ ಹಸಿ ಕಸದೊಂದಿಗೆ ಯಾವ ಪ್ರಮಾಣದಲ್ಲಿ ಬೆರೆಸಿದರೆ ತಾರಸಿ ತೋಟಕ್ಕೆ ಹಗುರವಾದ, ಪಕ್ವವಾದ ಮಾಧ್ಯಮ ದೊರೆಯುತ್ತದೆ?
• ನಗರದಂಚಿನ ರೈತರು ಕಾಂಪೋಸ್ಟ್ ಕೊಳ್ಳಲು ಹಿಂಜರಿಯುವುದೇಕೆ? ಸಾಗಣೆ ವೆಚ್ಚವೇ, ಗಾಜು ಪ್ಲಾಸ್ಟಿಕ್ ಚೂರುಗಳ ಭಯವೇ?

ಕೊನೆಯ ಪ್ರಶ್ನೆಗೆ ಸಂಬಂಧಿಸಿದಂತೆ ರೈತ ಬಾಂಧವರು ಒಂದು ವಿಷಯ ತಿಳಿದಿರಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಾಂಪೋಸ್ಟ್‌ನಲ್ಲಿ ಇಂಗಾಲ–ಸಾರಜನಕ ಅನುಪಾತ 20ಕ್ಕಿಂತ ಕಡಿಮೆಯಿರಬೇಕು. ಪ್ರತಿ ಕಿಲೋಗ್ರಾಂಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರಬಾರದು. ಕೊಳ್ಳುವ ಮುನ್ನ ಪರೀಕ್ಷಾ ವರದಿಯನ್ನು ಕೇಳುವುದು ರೈತರ ಹಕ್ಕು.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಪಾತ್ರ

ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೆ ರೈತರ ಹೊಲ ಅನೇಕ ವೇಳೆ ಬೇಕಾಗುತ್ತದೆ. ಹಾಗೆ ಹೊಲ ನೀಡುವ ರೈತರು ಪ್ರಯೋಗದ ಕ್ರಮವನ್ನು ಅರಿತಿದ್ದರೆ ಫಲಿತಾಂಶ ವಿಶ್ವಾಸಾರ್ಹವಾಗುತ್ತದೆ. ಒಂದೇ ಹೊಲವನ್ನು ಕನಿಷ್ಠ ಆರು ಪಟ್ಟಿಗಳಾಗಿ ವಿಂಗಡಿಸಿ, ಹೊಸ ಕ್ರಮವನ್ನು ಮೂರರಲ್ಲಿ, ವಾಡಿಕೆಯ ಕ್ರಮವನ್ನು ಮೂರರಲ್ಲಿ ಒಂದು ಬಿಟ್ಟು ಒಂದರಂತೆ ಅನುಸರಿಸಬೇಕು. ಯಾವ ಜೋಡಿಯಲ್ಲಿ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಇನ್ನೂ ಉತ್ತಮ. ತಳಿ, ಬಿತ್ತನೆಯ ದಿನ, ನೀರು, ಕಳೆ ತೆಗೆಯುವಿಕೆ ಎಲ್ಲ ಪಟ್ಟಿಗಳಲ್ಲಿಯೂ ಒಂದೇ ಆಗಿರಬೇಕು. ಪ್ರತಿ ಪಟ್ಟಿಯ ಇಳುವರಿಯನ್ನು ಬೇರೆಯಾಗಿಯೇ ತೂಗಿ ಬರೆದಿಡಬೇಕು. ಹೊಸ ಕ್ರಮ ಸೋತ ಪಟ್ಟಿಯ ಲೆಕ್ಕವನ್ನೂ ಮುಚ್ಚಿಡದೆ ನೀಡಬೇಕು.

ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಲ್ಲಿ ಕಂಡ ವಿಶೇಷ ಸಂಗತಿಗಳನ್ನು, ಒಂದು ಹೊಲ ಸೊರಗಿ ಪಕ್ಕದ ಹೊಲ ಉಳಿದದ್ದು ಮುಂತಾದವನ್ನು, ದಿನಾಂಕ ಸಹಿತ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿದರೆ ಅವುಗಳಿಂದ ಉತ್ತಮ ಸಂಶೋಧನಾ ವಿಷಯಗಳು ಹೊರಬರಬಹುದು. ಬಿಹಾರದ ರೈತರ ಹೊಲಗಳನ್ನು ನೋಡಿದ್ದರಿಂದಲೇ ಹೋವರ್ಡ್ ಅವರಿಗೆ ತಮ್ಮ ಜೀವನದ ಪ್ರಶ್ನೆ ದೊರೆಯಿತು. ಆ ಪ್ರಶ್ನೆಯ ಒಂದು ಭಾಗಕ್ಕೆ ಅವರು ಇಂದೋರ್‌ನಲ್ಲಿ ಖಚಿತವಾದ ಉತ್ತರ ಕಂಡುಕೊಂಡರು. ಆಚಾರ್ಯ ಅವರು ಅದನ್ನು ಬೆಂಗಳೂರಿನಲ್ಲಿ ಮುಂದುವರಿಸಿದರು. ಪರೀಕ್ಷೆಗೊಳಪಡದೆ ಉಳಿದ ಭಾಗವನ್ನು ಹೋಲಿಕೆಯ ಪ್ರಯೋಗಗಳಿಂದ ಪರಿಶೀಲಿಸುವ ಹೊಣೆ ಇಂದಿನ ವಿದ್ಯಾರ್ಥಿಗಳದು. ಆಸಕ್ತ ರೈತ ಬಾಂಧವರು ತಮ್ಮ ಹೊಲದಲ್ಲಿ ಇಂತಹ ಪ್ರಯೋಗಗಳಿಗೆ ಅವಕಾಶ ಕಲ್ಪಿಸಲು, ಮುಂಗಾರು ಆರಂಭವಾಗುವ ಮುನ್ನವೇ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನು ಸಂಪರ್ಕಿಸಲು ಕೋರಲಾಗಿದೆ.